ಸಹಾಯ ಬೇಕು: ಪ್ಲಸ್ ಟು ನಂತರ ಜರ್ಮನ್ ಬಿಎ

ನಮಸ್ಕಾರ. ನಾವು ಕಾಸರಗೋಡಿನ ಬದಿಯಡ್ಕದವರು. ತಂಗಿ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು, ಈಗ ಪ್ಲಸ್ ಟು ಹ್ಯುಮಾನಿಟೀಸ್. ಜರ್ಮನ್ ಭಾಷೆಯಲ್ಲೇ ಬಿಎ ಮಾಡಬೇಕು ಅಂತ ಹಟ ಹಿಡಿದಿದ್ದಾಳೆ.

ಸುಮ್ನೆ ಹುಟ್ಟಿದ ಆಸೆ ಅಲ್ಲ ಇದು. 1894ರಲ್ಲಿ ಮಂಗಳೂರಲ್ಲಿ ಅಚ್ಚಾದ, ಜರ್ಮನ್ ಪಾದ್ರಿ ಕಿಟ್ಟೆಲ್ ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟಿನ ಬಗ್ಗೆ ಓದಿ ಶುರುವಾದದ್ದು. ಕಿಟ್ಟೆಲ್ ಇದ್ದ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ನಮ್ಮ ಕರಾವಳಿಯಿಂದ ಬರೆದ ಪತ್ರ, ವರದಿಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿವೆ. ಜಾಸ್ತಿ ಪಾಲು ಜರ್ಮನ್‌ನಲ್ಲೇ, ಅದೂ ಹಳೆಯ ಕೈಬರಹದಲ್ಲಿ. ಕನ್ನಡ, ತುಳು, ಮಲಯಾಳ ಮೂರೂ ಬಲ್ಲ ಕಾಸರಗೋಡಿನ ಹುಡುಗಿ ಅವನ್ನು ಓದುವಂತಾದರೆ ಎಷ್ಟು ಒಳ್ಳೆಯದು, ಅಲ್ವಾ?

ದೆಹಲಿಯ ಜೆಎನ್‌ಯು, ಹೈದರಾಬಾದಿನ ಇಫ್ಲು (ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿವಿ) ಎರಡೂ ಮನಸ್ಸಿನಲ್ಲಿವೆ. ಜೆಎನ್‌ಯುಗೆ ಸಿಯುಇಟಿ (ವಿವಿಗಳ ಸಾಮಾನ್ಯ ಪ್ರವೇಶ ಪರೀಕ್ಷೆ) ಬರೆಯಬೇಕು, ಕನ್ನಡದಲ್ಲೂ ಬರೆಯಬಹುದು ಅಂತ ಗೊತ್ತು. ಅಲ್ಲಿ ಓದಿದವರು ಯಾರಾದರೂ ಇದ್ದೀರಾ? ಏನೂ ಗೊತ್ತಿಲ್ಲದೆ ಸೇರಿದವರಿಗೆ ಮೊದಲ ವರ್ಷ ಹೇಗಿರುತ್ತದೆ? ಮೊದಲೇ ಎ1 (ಜರ್ಮನ್ ಕಲಿಕೆಯ ಮೊದಲ ಹಂತ) ಮುಗಿಸಿದರೆ ಅನುಕೂಲವಾ? ಮಂಗಳೂರಲ್ಲಿ ಚೆನ್ನಾಗಿ ಕಲಿಸುವವರಿದ್ದರೆ ತಿಳಿಸಿ, ಬಸ್ಸಲ್ಲಿ ಹೋಗಿ ಬರಬಹುದು.

ಇಲ್ಲಿ ಕೇಳಿದವರೆಲ್ಲ ನರ್ಸಿಂಗ್ ಮಾಡಿ ಜರ್ಮನಿಗೆ ಹೋಗುವ ದಾರಿಯನ್ನೇ ಹೇಳುತ್ತಾರೆ. ಅದು ಒಳ್ಳೆಯ ದಾರಿಯೇ, ಆದರೆ ಇವಳಿಗೆ ಬೇಕಾದದ್ದು ಭಾಷೆ. ಹಾಸ್ಟೆಲ್ ಖರ್ಚಿನ ಅಂದಾಜು ಕೊಟ್ಟರೂ ದೊಡ್ಡ ಉಪಕಾರ.