ಗ್ರೂವ್ ಕಟಿಂಗ್ ಮೆಷಿನ್ ಮೊದಲ ಸಲ ಓಡಿಸುವವರಿಗೆ ಏನೇನು ಹೇಳಿಕೊಡಬೇಕು?

ಕೇಳಿದವರು: ಸಣ್ಣ ಗುತ್ತಿಗೆದಾರ, ದಾವಣಗೆರೆ ಕಡೆ

ಹಳ್ಳಿಯೊಳಗಿನ ಸಿಸಿ ರಸ್ತೆ. 6 ಇಂಚು ದಪ್ಪ, ಎಂ30 ದರ್ಜೆಯ ಕಾಂಕ್ರೀಟ್, ಅಗಲ 3.75 ಮೀಟರ್. ರಸ್ತೆ ಎಲ್ಲೆಂದರಲ್ಲಿ ಬಿರಿಯದ ಹಾಗೆ ಈ ಮೆಷಿನ್ನಿನಿಂದ ಅಡ್ಡ ಗೆರೆ ಕೊರೆದು ಜಾಯಿಂಟ್ ಕಟ್ ಮಾಡಬೇಕು. ಒಂದು ಕಡೆ ಹಳೇ ಕಾಂಕ್ರೀಟ್ ಕತ್ತರಿಸಿ ಪೈಪ್ ದಾಟಿಸುವುದೂ ಇದೆ. ತಳ್ಳಿಕೊಂಡು ಹೋಗುವ ಪೆಟ್ರೋಲ್ ಮೆಷಿನ್ ಬಾಡಿಗೆಗೆ ಬರುತ್ತಿದೆ, 14 ಇಂಚಿನ ಬ್ಲೇಡ್. ಹುಡುಗರಿಬ್ಬರೂ ಕೈ ಕಟರ್ ಹಿಡಿದವರೇ, ಇದನ್ನು ಮುಟ್ಟಿದವರಲ್ಲ. ಪೆಟ್ಟಾಗದ ಹಾಗೆ, ಕೆಲಸವೂ ಕೆಡದ ಹಾಗೆ ಏನೇನು ನೋಡಿಕೊಳ್ಳಬೇಕು, ತಿಳಿದವರು ಹೇಳಿ.

ಮೆಷಿನ್ ಬಾಡಿಗೆಗೆ ಕೊಡುವವರು, ತುಮಕೂರು

ಮೆಷಿನ್ ಕೈಗೆ ಬಂದ ಕೂಡಲೇ ಸ್ಟಾರ್ಟ್ ಮಾಡಿ ನೋಡುವ ಚಟ ಎಲ್ಲರಿಗೂ ಇರುತ್ತದೆ, ಅದನ್ನು ಬಿಡಿಸಿ. ಮೊದಲು ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕಳಚಿ, ಆಮೇಲೆ ಬ್ಲೇಡ್ ಹತ್ತಿರ ಕೈ ಹಾಕಿ. ಬ್ಲೇಡಿನ ಮೇಲೆ ಕೆತ್ತಿರುವ ಗರಿಷ್ಠ ಆರ್‌ಪಿಎಂ (ನಿಮಿಷಕ್ಕೆ ತಿರುಗುವ ಸುತ್ತು), ಬ್ಲೇಡ್ ಕೂರುವ ಸ್ಪಿಂಡಲ್ಲಿನ ಆರ್‌ಪಿಎಂಗಿಂತ ಹೆಚ್ಚಿರಬೇಕು. 14 ಇಂಚಿನ ಬ್ಲೇಡ್ 2,800 ಆರ್‌ಪಿಎಂನಲ್ಲಿ ತಿರುಗಿದರೆ ಅದರ ಅಂಚು ಗಂಟೆಗೆ ಸುಮಾರು 185 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಆ ವೇಗದಲ್ಲಿ ಒಂದು ಸೆಗ್ಮೆಂಟ್ (ಬ್ಲೇಡಿನ ಅಂಚಿಗೆ ಕೂರಿಸಿದ ವಜ್ರದ ಹರಳಿನ ತುಂಡು) ಕಿತ್ತುಬಂದರೆ ಏನಾಗುತ್ತದೆಂದು ಲೆಕ್ಕ ಹಾಕಿಕೊಳ್ಳಿ. ಒಂದೇ ಒಂದು ಸೆಗ್ಮೆಂಟ್ ಬಿದ್ದಿದ್ದರೂ, ನಡುವಿನ ಸ್ಟೀಲ್ ಪ್ಲೇಟಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಆ ಬ್ಲೇಡ್ ಗುಜರಿಗೆ.

ಬ್ಲೇಡನ್ನು ಎರಡೂ ಕಡೆಯಿಂದ ಹಿಡಿಯುವ ಫ್ಲಾಂಜ್ ಬಿಲ್ಲೆಗಳು ಒಂದೇ ಅಳತೆಯವಾಗಿರಬೇಕು, ಒಳಮುಖ ಒರೆಸಿರಬೇಕು. ಅಲ್ಲಿ ಒಂದು ಮರಳಿನ ಕಾಳು ಉಳಿದರೂ ಬ್ಲೇಡ್ ಓಲಾಡುತ್ತದೆ. ಬ್ಲೇಡಿನ ಬಾಣದ ಗುರುತು ತಿರುಗುವ ದಿಕ್ಕಿಗೇ ಇರಲಿ, ಡ್ರೈವ್ ಪಿನ್ ತೂತಿನಲ್ಲಿ ಕೂತಿರಲಿ. ಆಮೇಲೆ ಇಂಜಿನ್ನಿನಿಂದ ಬ್ಲೇಡ್ ತಿರುಗಿಸುವ ವಿ-ಬೆಲ್ಟ್. ಒಂದು ಸಡಿಲವಾಗಿದ್ದರೆ ಅದೊಂದನ್ನೇ ಬದಲಿಸಬೇಡಿ, ಇಡೀ ಸೆಟ್ ಬದಲಿಸಿ. ಹಳೇದು ಹೊಸದು ಬೆರೆತರೆ ಹೊಸ ಬೆಲ್ಟಿನ ಮೇಲೇ ಭಾರವೆಲ್ಲ ಬೀಳುತ್ತದೆ.

ಬ್ಲೇಡ್ ಮುಚ್ಚುವ ಗಾರ್ಡ್ ಬಿಚ್ಚಿದ ಮೆಷಿನ್ ಕೊಟ್ಟರೆ ವಾಪಸ್ ಕಳಿಸಿ.

ಸೈಟ್ ಇಂಜಿನಿಯರ್, ಬಳ್ಳಾರಿ

ಜಾಯಿಂಟ್ ವಿಚಾರಕ್ಕೆ ಬರುತ್ತೇನೆ. ಆಳ ದಪ್ಪದ ಕಾಲುಭಾಗದಿಂದ ಮೂರನೇ ಒಂದು ಭಾಗ, ಅಂದರೆ ನಿಮಗೆ 40ರಿಂದ 50 ಮಿ.ಮೀ. ಅದಕ್ಕಿಂತ ಕಡಿಮೆಯಾದರೆ ಕಟ್ ಇದ್ದೂ ರಸ್ತೆ ತನಗೆ ಬೇಕಾದ ಕಡೆ ಬಿರಿಯುತ್ತದೆ. ಅಂತರ 3.6 ಮೀಟರ್ ಆಸುಪಾಸು ಇಟ್ಟರೆ 3.75 ಅಗಲಕ್ಕೆ ಹೆಚ್ಚುಕಮ್ಮಿ ಚೌಕದ ಪ್ಯಾನೆಲ್ ಸಿಗುತ್ತದೆ.

ಕಷ್ಟ ಇರುವುದು ಹೊತ್ತಿನಲ್ಲಿ. ಬಿಸಿಲಿನ ಕಾಲಕ್ಕೆ ಕಾಂಕ್ರೀಟ್ ಹಾಕಿದ 6ರಿಂದ 12 ಗಂಟೆಯೊಳಗೆ ಕಟಿಂಗ್ ಆಗಬೇಕು, ತಂಪಿದ್ದರೆ ಇನ್ನೂ ತಡವಾಗಬಹುದು. ಗಡಿಯಾರ ನೋಡಿ ಶುರು ಮಾಡಬೇಡಿ, ಅಂಚಿನಲ್ಲಿ ಒಂದಡಿ ಕತ್ತರಿಸಿ ನೋಡಿ. ಜಲ್ಲಿ ಕಿತ್ತುಬಂದು ಕಟ್ಟಿನ ಬಾಯಿ ಹಲ್ಲುಹಲ್ಲಾದರೆ ಕತ್ತರಿಸುವಷ್ಟು ಇನ್ನೂ ಗಟ್ಟಿಯಾಗಿಲ್ಲ, ಕಾಯಿರಿ. ಗೆರೆ ಚೊಕ್ಕವಾಗಿ ಬಂದರೆ ತಡಮಾಡಬೇಡಿ. ಬೆಳಿಗ್ಗೆ ಹಾಕಿದ್ದಾದರೆ ಕೆಲಸ ರಾತ್ರಿಗೇ ಬರುತ್ತದೆ, ಆದ್ದರಿಂದ ಫ್ಲಡ್ ಲೈಟ್ ಮೊದಲೇ ತಂದಿಡಿ. ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡಿದು ಒಬ್ಬ ಬ್ಲೇಡಿನ ಮುಂದೆ ನಡೆಯುವುದು ತೀರಾ ಅಪಾಯ. ಮೊದಲು ಹಾಕಿದ ಕಾಂಕ್ರೀಟನ್ನೇ ಮೊದಲು ಕತ್ತರಿಸಿ. ಹೊತ್ತು ಸಾಲದಂತಿದ್ದರೆ ಮೂರಕ್ಕೊಂದು ಜಾಯಿಂಟ್ ಹಾಕಿಕೊಂಡು ಹೋಗಿ, ನಡುವಿನವನ್ನು ಹಿಂದೆಯೇ ಮುಗಿಸಿ.

ಆಪರೇಟರ್, ಹುಬ್ಬಳ್ಳಿ

ನೋಡ್ರಿ ಸರ, ಈ ಮೆಷಿನ್ ನೆಟ್ಟಗ ಅಷ್ಟೇ ಹೋಗತೈತಿ. ಕೈ ಕಟರ್ ರೂಢಿ ಇದ್ದ ಹುಡುಗರು ಗೆರಿ ತಪ್ಪಿದ ಕೂಡಲೇ ಹ್ಯಾಂಡಲ್ ತಿರುವತಾರ, ಬ್ಲೇಡ್ ಅಲ್ಲೇ ಹಿಡಕೊಂಡು ಬಾಗತೈತಿ. ಗೆರಿ ತಪ್ಪಿದ್ರ ಬ್ಲೇಡ್ ಪೂರ್ತಿ ಮ್ಯಾಲ ಎತ್ತಿ, ಮೆಷಿನ್ ಸರಿ ಮಾಡಿ, ಮತ್ತ ಇಳಸ್ರಿ. ಗೆರಿ ಬಣ್ಣದ ದಾರದಿಂದ ಹೊಡದಿರಬೇಕ್ರಿ, ಮುಂದಿನ ಪಾಯಿಂಟರ್ ಬ್ಲೇಡಿಗೆ ಒಂದೇ ಸಾಲಿನ್ಯಾಗ ಐತೇನು ನೋಡ್ರಿ.

ಕ್ರಮ ಹಿಂಗ: ಬ್ಲೇಡ್ ಮ್ಯಾಲಿದ್ದಾಗನ ಇಂಜಿನ್ ಚಾಲೂ. ನೀರಿನ ನಳ ತಗೀರಿ, ಬ್ಲೇಡಿನ ಎರಡೂ ಕಡೆ ನೀರು ಬರತೈತೇನು ನೋಡ್ರಿ, ಒಂದು ಕಡೆ ತೂತು ಕೆಸರು ಕಟ್ಟಿರೋದು ಭಾಳ. ಫುಲ್ ಆಕ್ಸಿಲರೇಟರ್ ಕೊಟ್ಟ ಮ್ಯಾಲ ಬ್ಲೇಡ್ ಇಳಸೋ ಚಕ್ರ ತಿರುವಿ ಸಾವಕಾಶ ಇಳಸ್ರಿ. ಹಸಿ, ಅಂದ್ರ ಹೊಸದಾಗಿ ಹಾಕಿದ ಕಾಂಕ್ರೀಟಿನ್ಯಾಗ 50 ಮಿ.ಮೀ. ಒಂದೇ ಸಲ ಹೋಗಬಹುದು, ಹಳೇದರಾಗ ಸಣ್ಣ ಇಂಜಿನ್ ಇದ್ರ 25ರಿಂದ 30 ಮಿ.ಮೀ. ದಾಟಬ್ಯಾಡ್ರಿ, ಎರಡು ಮೂರು ಸಲ ಹಾಯಸ್ರಿ. ಇಂಜಿನ್ ದನಿ ಇಳೀತು ಅಂದ್ರ ದೂಡೋದು ಜಾಸ್ತಿ ಆಗೇತಿ ಅಂತ ತಿಳೀರಿ.

ಜೋರ್ ದೂಡಿದ್ರ ಬ್ಲೇಡ್ ಕಟ್ಟಿನಿಂದ ಮ್ಯಾಲ ಏರಿ ಮೆಷಿನ್ ಮುಂದ ಜಿಗೀತೈತಿ. ಯಾಕಂದ್ರ ಬ್ಲೇಡಿನ ಮುಂಭಾಗ ಕೆಳಗ ಇಳಕೋತ ತಿರಗತೈತಿ, ಗಾಲಿ ಉರುಳಿದಂಗ. ಕೆಳಗಿನ ಹರಳು ಹಿಂದ ಸಿಡೀತಾವ. ಅದಕ್ಕ ಬ್ಲೇಡಿನ ಸಾಲಿಗೆ ಮುಂದೂ ಹಿಂದೂ ಯಾರೂ ನಿಂದರಬಾರದು. ಆಪರೇಟರ್ ಎರಡೂ ಹ್ಯಾಂಡಲ್ ನಡುವ, ಕಾಲು ಬ್ಲೇಡಿನ ಗೆರಿಯಿಂದ ಹೊರಗ. ಕಟ್ಟಿನ್ಯಾಗ ಇದ್ದಾಗ ಹಿಂದ ಜಗ್ಗಬ್ಯಾಡ್ರಿ. ಮುಗಿದ ಮ್ಯಾಲ ಎತ್ತರ್ರಿ, ಇಂಜಿನ್ ಬಂದ್ ಮಾಡ್ರಿ, ಬ್ಲೇಡ್ ಪೂರ್ತಿ ನಿಂತದ್ದು ಕಣ್ಣಿಲೆ ನೋಡಿದ ಮ್ಯಾಲೇ ಜಾಗ ಬಿಡ್ರಿ. ಟೆಂಪೋಕ್ಕ ಏರಸೋ ಮುಂದ ಬ್ಲೇಡ್ ಬಿಚ್ಚರ್ರಿ.

ಸೇಫ್ಟಿ ಆಫೀಸರ್, ಬೆಂಗಳೂರು

ಧೂಳಿನ ಬಗ್ಗೆ ಯಾರೂ ಹೇಳಲಿಲ್ಲ, ನಾನು ಮೊದಲು ಅದನ್ನೇ ಹೇಳುತ್ತಿದ್ದೆ. ನಮ್ಮ ಜಲ್ಲಿ ಬಹುಪಾಲು ಗ್ರಾನೈಟ್, ಅದರಲ್ಲಿ ಸಿಲಿಕಾ ಇದೆ. ಒಣ ಕಟಿಂಗ್‌ನಲ್ಲಿ ಏಳುವ ಕಣ್ಣಿಗೆ ಕಾಣದ ಪುಡಿ ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್ ಬರುತ್ತದೆ, ಅದಕ್ಕೆ ಗುಣವಿಲ್ಲ. ಅಮೆರಿಕದಲ್ಲಿ 8 ಗಂಟೆಯ ಕೆಲಸಕ್ಕೆ ಗಾಳಿಯಲ್ಲಿ ಘನ ಮೀಟರಿಗೆ 50 ಮೈಕ್ರೋಗ್ರಾಂ ಮಾತ್ರ ಮಿತಿ. ಹೀಗಾಗಿ ಟ್ಯಾಂಕ್ ಖಾಲಿಯಾದರೆ ‘ಇನ್ನೊಂದು ಮೀಟರ್ ತಾನೆ’ ಎಂದು ಮುಂದುವರಿಸಬೇಡಿ. ಬ್ಲೇಡ್ ಕೂಡ ಕಾದು ಸೆಗ್ಮೆಂಟ್ ಬಿಡುತ್ತದೆ. ಬ್ಯಾರೆಲ್ ಇಟ್ಟು ಪೈಪಿನಿಂದಲೇ ನೀರು ಕೊಡಿ. ಬಟ್ಟೆ ಕಟ್ಟಿಕೊಂಡರೆ ಈ ಪುಡಿ ನಿಲ್ಲುವುದಿಲ್ಲ, ಎನ್95 ಮಾಸ್ಕ್ ಕೊಡಿ. ಕನ್ನಡಕ, ಕಿವಿಗೆ ಇಯರ್ ಮಫ್, ಕಾಲಿಗೆ ಸ್ಟೀಲ್ ಟೋ ಇರುವ ಗಮ್‌ಬೂಟ್. ಸಡಿಲ ಅಂಗಿ, ಹೆಗಲ ಮೇಲಿನ ಟವೆಲ್ ಬೇಡ.

ಕಟಿಂಗ್ ಕೆಸರು ಸುಣ್ಣದ ಹಾಗೆ ಚರ್ಮ ಸುಡುತ್ತದೆ, ಬೂಟಿನೊಳಗೆ ಹೋದರೆ ಆಗಲೇ ತೊಳೆಯಿರಿ. ಅದು ಒಣಗುವ ಮೊದಲೇ ಬಾಚಿ ತೆಗೆಯಿರಿ, ಒಣಗಿದರೆ ಮತ್ತೆ ಅದೇ ಧೂಳು. ಚರಂಡಿಗೆ, ಕೆರೆ ಕಾಲುವೆಗೆ ಬಿಡಬೇಡಿ.

ಮುಂದೆ ಯಾವತ್ತಾದರೂ ಬೇಸ್‌ಮೆಂಟ್ ಕೆಲಸ ಬಂದರೆ ಪೆಟ್ರೋಲ್ ಮೆಷಿನ್ ಒಳಗೆ ಒಯ್ಯಲೇಬೇಡಿ. ಬಾಗಿಲು ಕಿಟಕಿ ತೆರೆದಿದ್ದರೂ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಂಡು ಆಳು ಬೀಳುತ್ತಾನೆ. ಕರೆಂಟ್ ಮೆಷಿನ್ ತನ್ನಿ, ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿಆಂಪ್ ಆರ್‌ಸಿಸಿಬಿ ಸ್ವಿಚ್ಚಿನ ಮೂಲಕವೇ ಸಂಪರ್ಕ ಕೊಡಿ.

ಕೇಳಿದವರು

ತುಂಬಾ ಉಪಕಾರವಾಯಿತು. ಎರಡೇ ಅನುಮಾನ. ಬ್ಲೇಡ್ ಕಚ್ಚಿಕೊಂಡರೆ ಏನು ಮಾಡಬೇಕು? ಪೈಪ್ ದಾಟಿಸುವ ಕಡೆ ಇದೇ 14 ಇಂಚು ಸಾಕಾಗುತ್ತದೆಯೇ?

ಮೆಷಿನ್ ಬಾಡಿಗೆಗೆ ಕೊಡುವವರು, ತುಮಕೂರು

14 ಇಂಚು ಬ್ಲೇಡಿಗೆ ಸಿಗುವ ಆಳ ನಾಲ್ಕೂವರೆ ಇಂಚು ಚಿಲ್ಲರೆ, 6 ಇಂಚು ಹೋಗುವುದಿಲ್ಲ. ಉಳಿದದ್ದನ್ನು ಬ್ರೇಕರ್‌ನಿಂದ ಒಡೆಯಿರಿ, ಇಲ್ಲವೇ 18 ಇಂಚು ಹಿಡಿಯುವ ದೊಡ್ಡ ಮೆಷಿನ್ ತನ್ನಿ. ಇದೇ ಮೆಷಿನ್ನಿಗೆ ಗಾರ್ಡ್ ತೆಗೆದು ದೊಡ್ಡ ಬ್ಲೇಡ್ ಹಾಕುವ ಐಡಿಯಾ ಯಾರಾದರೂ ಕೊಟ್ಟರೆ ಒಪ್ಪಬೇಡಿ. ಗಟ್ಟಿಯಾದ ಹಳೇ ಕಾಂಕ್ರೀಟಿಗೆ ಮೆದು ಬಾಂಡಿನ (ವಜ್ರದ ಹರಳನ್ನು ಹಿಡಿದಿರುವ ಲೋಹ) ಬ್ಲೇಡ್ ಬೇಕು, ಹಸಿಗೆ ಗಟ್ಟಿ ಬಾಂಡಿನದು. ಹಸಿಯದ್ದನ್ನೇ ಹಳೇದಕ್ಕೆ ಹಾಕಿದರೆ ಸೆಗ್ಮೆಂಟ್ ಮುಖ ಗಾಜಿನಂತೆ ನುಣುಪಾಗಿ ಕತ್ತರಿಸುವುದೇ ನಿಲ್ಲುತ್ತದೆ. ಆಗ ಒತ್ತಬೇಡಿ. ಒರಟು ಸಿಮೆಂಟ್ ಬ್ಲಾಕಿನಲ್ಲಿ ತೆಳುವಾಗಿ ನಾಲ್ಕಾರು ಸಲ ಹಾಯಿಸಿದರೆ ವಜ್ರದ ಹರಳು ಮತ್ತೆ ಹೊರಗೆ ಬರುತ್ತದೆ.

ಆಪರೇಟರ್, ಹುಬ್ಬಳ್ಳಿ

ಕಚ್ಚಿದ್ರ ಮೊದಲು ಇಂಜಿನ್ ಬಂದ್. ನೆಟ್ಟಗ ಮ್ಯಾಲ ಎತ್ತಿ ನೋಡ್ರಿ, ಅಡ್ಡ ಅಲ್ಲಾಡಸಬ್ಯಾಡ್ರಿ. ಬರಲಿಲ್ಲಂದ್ರ ಪ್ಲಗ್ ಕ್ಯಾಪ್ ತಗದು, ಬ್ಲೇಡಿನ ನಟ್ ಬಿಚ್ಚಿ ಮೆಷಿನ್ ದೂರ ಸರಸ್ರಿ, ಬಾಜೂಕ ಉಳಿ ಹಿಡದು ಕಾಂಕ್ರೀಟ್ ಒಡದು ಬ್ಲೇಡ್ ತಗೀರಿ. ನಟ್ ಕೆಲವು ಮೆಷಿನಿಗೆ ಉಲ್ಟಾ ಮರಿ (ಥ್ರೆಡ್) ಇರತೈತಿ, ನೋಡಿ ತಿರುವ್ರಿ. ಬಾಗಿದ ಬ್ಲೇಡ್ ಬಡದು ನೆಟ್ಟಗ ಮಾಡಿ ಹಾಕಬ್ಯಾಡ್ರಿ. ಪೈಪಿನ ಕಡೆ ತುಂಡು ಜರುಗಿ ಬ್ಲೇಡ್ ಹಿಡೀತೈತಿ, ಕತ್ತರಿಸಿ ಬಿಟ್ಟ ಸಂದಿಗೆ ಹಿಂದಿಂದ ಕಟ್ಟಿಗಿ ಬೆಣೆ ಹಾಕ್ಕೋತ ಹೋಗ್ರಿ.

ಸೈಟ್ ಇಂಜಿನಿಯರ್, ಬಳ್ಳಾರಿ

ಹಳೇ ರಸ್ತೆ ಕತ್ತರಿಸುವ ಮುಂಚೆ ಪಂಚಾಯಿತಿಯ ವಾಟರ್‌ಮನ್‌ನನ್ನು ಕರೆದು ಪೈಪ್ ಎಲ್ಲಿ ಹೋಗಿದೆ ಎಂದು ಸುಣ್ಣದಲ್ಲಿ ಗುರುತು ಹಾಕಿಸಿ. ಮನೆ ಸಂಪರ್ಕದ ಸಣ್ಣ ಪೈಪುಗಳು ಕೆಲವು ಕಡೆ ಕಾಂಕ್ರೀಟಿಗೆ ಅಂಟಿಕೊಂಡೇ ಇರುತ್ತವೆ. ಕೇಬಲ್ ವಿಚಾರಕ್ಕೆ ಲೈನ್‌ಮನ್‌ನನ್ನು ಕೇಳಿ. 2023ರಲ್ಲಿ ಕೇಂದ್ರ ಸರ್ಕಾರ ತಂದ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್‌ನಲ್ಲೂ ಅಗೆಯುವ ಜಾಗ ತಿಳಿಸಬಹುದು, ಆಪ್ಟಿಕಲ್ ಫೈಬರ್ ಇದ್ದರೆ ಸಂಬಂಧಪಟ್ಟವರಿಗೆ ಮುಂಚೆಯೇ ಸುದ್ದಿ ಮುಟ್ಟುತ್ತದೆ.