ಜಿಪ್ಸಿಗೆ ಎಸ್ಟೀಮ್ ಎಂಜಿನ್: ಕೀವೇಗೆ ಅರ ಹಾಕಬಹುದಾ?

ಉಪ್ಪಳದ ಜಿಪ್ಸಿ: ನನ್ನ ಮಾರುತಿ ಜಿಪ್ಸಿಗೆ ಎಸ್ಟೀಮ್ ಕಾರಿನ ಎಂಜಿನ್ ಕೂತಿದೆ. ಆದರೆ ಕ್ರ್ಯಾಂಕಿನ ಟೈಮಿಂಗ್ ಗಾಲಿ (ಟೈಮಿಂಗ್ ಬೆಲ್ಟ್ ಓಡಿಸುವ ಹಲ್ಲುಗಾಲಿ) ಸ್ವಲ್ಪ ಮುಂದೆ ನಿಂತು ಬೆಲ್ಟ್ ಓರೆಯಾಗುತ್ತಿದೆ. ಜಿಪ್ಸಿಯ ಹಳೆ ಗಾಲಿಯನ್ನೇ ಹಾಕೋಣ, ಕೀವೇ (ಗಾಲಿ ಜಾರದಂತೆ ಹಿಡಿಯುವ ಕೀ ಕೂರುವ ತೋಡು) ಅರದಲ್ಲಿ ಉಜ್ಜಿದರೆ ಸಾಕು ಅಂತಾರೆ ಮೇಸ್ತ್ರಿ. ಸರಿಯಾ?

ಬದಿಯಡ್ಕದ ಲೇತ್: ಬೇಡ ಮಾರಾಯ್ರೆ! ಕೀ ಸಡಿಲವಾದರೆ ಗಾಲಿ ಅಲ್ಲಾಡುತ್ತದೆ, ಟೈಮಿಂಗ್ ನಿಲ್ಲುವುದಿಲ್ಲ. 20 ಹಲ್ಲಿನ ಗಾಲಿಯಲ್ಲಿ ಒಂದು ಹಲ್ಲು ತಪ್ಪಿದರೆ 18 ಡಿಗ್ರಿ ಹೋಯಿತು. ಮೊದಲು ಎರಡೂ ಗಾಲಿಗಳ ದಪ್ಪ, ಹಲ್ಲಿನ ಆಕಾರ, ಗುರುತು ಎಲ್ಲಾ ಹೋಲಿಸಿ. ಎಸ್ಟೀಮಿನದ್ದೇ ಇಟ್ಟುಕೊಂಡು, ಎಷ್ಟು ಮಿಲಿಮೀಟರ್ ಹೊರಗಿದೆ ಅಂತ ಅಳೆದು ಹಿಂಬದಿ ಮುಖವನ್ನು ಲೇತಿನಲ್ಲಿ ತೆಗೆಸಿ. ಹಲ್ಲಿಗೆ ಕೈ ಹಚ್ಚಬೇಡಿ. ಕೂರಿಸಿದ ಮೇಲೆ ಪ್ಲಗ್ ಬಿಚ್ಚಿ, ಸ್ಪ್ಯಾನರ್‌ನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿಸಿ. ವಾಲ್ವ್ ತೆರೆಯುವ ಕ್ಯಾಮ್ ಆಗ ಒಂದೇ ಸುತ್ತು ತಿರುಗುತ್ತದೆ. ಗುರುತುಗಳು ಕೂಡಬೇಕು. ಎಲ್ಲಾದರೂ ತಡೆದರೆ ಜೋರು ಮಾಡಬೇಡಿ, ವಾಲ್ವ್ ಬಾಗೀತು.

ಮಂಜೇಶ್ವರದವ: ಬೆಲ್ಟ್ ಕವರ್ ಕತ್ತರಿಸಬೇಡಿ. ನಮ್ಮ ಮಳೆಗೆ ಕೆಸರು ನೇರ ಬೆಲ್ಟಿಗೇ. ಆರ್‌ಟಿಒ ಅನುಮತಿಯೂ ಬೇಕಲ್ವಾ? ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್.

ಉಪ್ಪಳದ ಜಿಪ್ಸಿ: ಗಾಲಿ ಲೇತಿಗೆ ಕೊಡುತ್ತೇನೆ. ಹಳೆ ಆಯಿಲ್ ಸೀಲ್ ಸಾಕಾ?

ಬದಿಯಡ್ಕದ ಲೇತ್: ಹೊಸದೇ ಹಾಕಿ. ಬೆಲ್ಟ್ ಬಿಗಿ ಹಿಡಿಯುವ ಟೆನ್ಷನರ್ ಬೇರಿಂಗ್ ಕೂಡ. ಮತ್ತೆ ಸುಮ್ನೆ ಯಾಕೆ ಬಿಚ್ಚುವುದು?