ಚಳಿಗಾಲದ ಹೀಟರ್, ಗೆಕ್ಕೊ ಪೆಟ್ಟಿಗೆಯ ತೇವಾಂಶ: ನಿಮ್ಮ ಅನುಭವ ತಿಳಿಸಿ

ಮಿನಿಯಾಪೋಲಿಸ್‌ನಿಂದ: ಮಗಳಿಗಾಗಿ ಕ್ರೆಸ್ಟೆಡ್ ಗೆಕ್ಕೊ ಎಂಬ ಹಲ್ಲಿ ತಂದಿದ್ದೇವೆ. ಮನೆಯ ಹೀಟರ್ ಹಚ್ಚಿದಂದಿನಿಂದ, ಬೆಳಿಗ್ಗೆ ನೀರು ಸಿಂಪಡಿಸಿದರೂ ಮಧ್ಯಾಹ್ನಕ್ಕೆ ತೇವಾಂಶ 35%ಕ್ಕೆ ಇಳಿಯುತ್ತಿದೆ. ಅದನ್ನಿಟ್ಟಿರುವ ಪೆಟ್ಟಿಗೆಯ (ಟೆರೇರಿಯಂ) ಮೇಲೆ ಪೂರ್ತಿ ಜಾಲರಿ ಮುಚ್ಚಳವಿದೆ. ಮಂಜು ಬಿಡುವ ಫಾಗರ್ ಕೊಳ್ಳುವುದೋ, ಹನಿ ಸಿಂಪಡಿಸುವ ಮಿಸ್ಟಿಂಗ್ ಪಂಪೋ?

ಷಿಕಾಗೊ_ಚಳಿ: ಶೂನ್ಯ ಡಿಗ್ರಿಯ ಹೊರಗಾಳಿಯಲ್ಲಿ 80% ತೇವಾಂಶವಿದ್ದರೂ ಅದೇ ಗಾಳಿಯನ್ನು ಮನೆಯೊಳಗೆ 22 ಡಿಗ್ರಿಗೆ ಕಾಯಿಸಿದರೆ 20%ರ ಆಸುಪಾಸಿಗೆ ಬರುತ್ತದೆ, ಬಾಟಲಿ ಹಿಡಿದು ಅದರೊಡನೆ ಗುದ್ದಾಡಿ ಫಲವಿಲ್ಲ. ಗೆಳೆಯರೆಲ್ಲ ಫಾಗರ್ ಎಂದರೂ ನಾನು ಪಂಪನ್ನೇ ಹಾಕಿಸಿದೆ. ಪಂಪು, ಕೊಳವೆ, ನಾಝಲ್ (ಸಿಂಪಡಿಸುವ ಮೂತಿ) ಸೇರಿ 110 ಡಾಲರ್, ಟೈಮರ್‌ಗೆ 15, ನೀರಿನ ಸುಣ್ಣ ತೆಗೆಯುವ ಆರ್‌ಒ ಘಟಕಕ್ಕೆ 75. ನಂತರ ಒಂದು ಜೋಡಣೆ ಸಡಿಲವಾಗಿ ರಾತ್ರಿಯಿಡೀ ನೀರು ಸೋರಿ ಮರದ ನೆಲಹಾಸು ಉಬ್ಬಿತು. ಅದರ ದುರಸ್ತಿಗೆ 340 ಡಾಲರ್ ತೆತ್ತೆ. ಆದರೂ ಪಂಪೇ ಸರಿ. ಗೆಕ್ಕೊ ಎಲೆಯ ಮೇಲಿನ ಹನಿಯನ್ನು ನೆಕ್ಕಿ ಕುಡಿಯುವ ಪ್ರಾಣಿ. ಫಾಗರ್‌ನ ಮಂಜು ತೇವಾಂಶದ ಮಾಪಕವನ್ನು ಮೇಲೇರಿಸುತ್ತದೆಯೇ ಹೊರತು ಎಲೆಯನ್ನು ಹನಿಗೂಡಿಸುವುದಿಲ್ಲ.

ಕಪ್ಪೆಮನೆ_ಮ್ಯೂನಿಕ್: ನೆಲಹಾಸನ್ನೇ ಹಾಳುಮಾಡಿದ ಯಂತ್ರವನ್ನು ಇಷ್ಟು ಹೊಗಳುವುದನ್ನು ಕಂಡು ಆಶ್ಚರ್ಯವಾಯಿತು. ನಮ್ಮದು ಮಳೆಕಾಡಿನ ಡಾರ್ಟ್ ಕಪ್ಪೆಗಳು, ತೇವಾಂಶ 80%ಕ್ಕಿಂತ ಕೆಳಗಿಳಿಯಲು ಬಿಡುವಂತಿಲ್ಲ. ಇಲ್ಲಿನ ನಲ್ಲಿ ನೀರಿನಲ್ಲಿ ಸುಣ್ಣದ ಅಂಶ ಧಾರಾಳ. ನಾಝಲ್‌ಗಳು ಕಟ್ಟಿಕೊಂಡು, ಗಾಜಿನ ಮೇಲೆ ಬಿಳಿ ಪದರ ಕೂತು, ಒಂದೊಂದು ನಾಝಲ್‌ಗೆ 9 ಯೂರೋದಂತೆ ಬದಲಾಯಿಸಿ ಸಾಕಾಗಿದೆ. ತೇವ ನಿಲ್ಲುವುದು ತಳದಲ್ಲಿ: ಕೆಳಗೆ ಸುಟ್ಟ ಜೇಡಿಯ ಉಂಡೆಗಳು, ಅದರ ಮೇಲೆ ಬಲೆ, ಬಳಿಕ ತೆಂಗಿನ ನಾರಿನ ಪುಡಿ ಬೆರೆತ ಮಣ್ಣು, ಪಾಚಿ, ಒಣಗಿದ ಎಲೆ. ಬೂಷ್ಟು ತಿನ್ನಲು ಸ್ಪ್ರಿಂಗ್‌ಟೇಲ್ ಹುಳುಗಳಿವೆ. ತಳವೇ ಸರಿಯಿಲ್ಲದವರು ಮಾತ್ರ ಯಂತ್ರವನ್ನು ನೆಚ್ಚುತ್ತಾರೆ.

ಷಿಕಾಗೊ_ಚಳಿ: ಆರ್‌ಒ ನೀರನ್ನೇ ಬಳಸದೆ ನಾಝಲ್ ಕಟ್ಟಿಕೊಂಡಿತೆಂದು ದೂರುವವರಿಂದ ಉಪದೇಶ ಬೇಡ ಮೇಡಂ.

ಬಾಲ್‌ಪೈಥಾನ್_ಬೆಂಗಳೂರು: ಇಬ್ಬರೂ ಒದ್ದೆಯನ್ನೂ ತೇವಾಂಶವನ್ನೂ ಒಂದೇ ಎಂದು ತಿಳಿದಿದ್ದೀರಿ. ಅಂಗಡಿಯವರು 350 ರೂಪಾಯಿಗೆ ಕೊಟ್ಟ ಮುಳ್ಳಿನ ಮಾಪಕ ಸದಾ 50% ತೋರಿಸುತ್ತಿತ್ತು. ಅದನ್ನು ನಂಬಿ ಮಳೆಗಾಲದಲ್ಲೂ ನೀರು ಸಿಂಪಡಿಸಿ, ಗಾಳಿಯಾಡದ ಪೆಟ್ಟಿಗೆಯಲ್ಲಿ ಹಾವಿಗೆ ಉಸಿರಾಟದ ಸೋಂಕು ತಗುಲಿತು. ಎಕ್ಸ್‌ರೇ, ಚುಚ್ಚುಮದ್ದು, ಆಟೋ ಬಾಡಿಗೆ ಎಲ್ಲ ಸೇರಿ 11,400 ರೂಪಾಯಿ. ಮಾಪಕವನ್ನು ಒದ್ದೆ ಉಪ್ಪಿನೊಡನೆ ಮುಚ್ಚಿದ ಡಬ್ಬಿಯಲ್ಲಿ ಒಂದು ದಿನ ಇಟ್ಟು ನೋಡಿ, 75% ತೋರಿಸಬೇಕು. ನನ್ನ ಮುಳ್ಳು ಆಗಲೂ 50ರಲ್ಲೇ ನಿಂತಿತ್ತು. ಮೊದಲು ಡಿಜಿಟಲ್ ಮಾಪಕ ಕೊಳ್ಳಿ, ಉಳಿದದ್ದು ಆಮೇಲೆ.

ಕಪ್ಪೆಮನೆ_ಮ್ಯೂನಿಕ್: ಇಲ್ಲಿ ಕೇಳಿರುವುದು ಗೆಕ್ಕೊ ಬಗ್ಗೆ, ಹಾವಿನ ಬಗ್ಗೆಯಲ್ಲ.

ಬಾಲ್‌ಪೈಥಾನ್_ಬೆಂಗಳೂರು: ತಾವು ಇಷ್ಟು ಹೊತ್ತು ಹೇಳಿದ್ದೂ ಕಪ್ಪೆಯ ಬಗ್ಗೆಯೇ.

ಹಳೇಹಲ್ಲಿ: ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯಾ ದ್ವೀಪದ ಈ ಹಲ್ಲಿ ಅಳಿದೇಹೋಯಿತೆಂದು ನಂಬಿದ್ದ ಕಾಲದಲ್ಲಿ, 1994ರಲ್ಲಿ, ಮತ್ತೆ ಸಿಕ್ಕಿದ್ದು, ಅದಕ್ಕೆ ಸದಾ ಮಂಜು ಬೇಕೆಂದು ಯಾರೂ ಹೇಳಿಲ್ಲ. ಅದು ನಿಶಾಚರಿಯಾದ್ದರಿಂದ ಸಂಜೆ ಚೆನ್ನಾಗಿ ನೆನೆಸಿ 80%ಕ್ಕೆ ಏರಿಸಿ, ಹಗಲಿನಲ್ಲಿ 50%ರ ಹತ್ತಿರ ಒಣಗಲು ಬಿಡಿ. ಜಾಲರಿಯ ಮೂರರಲ್ಲಿ ಎರಡು ಪಾಲನ್ನು ಅಕ್ರಿಲಿಕ್ ಹಲಗೆಯಿಂದ ಮುಚ್ಚಿ. ನನಗೆ ಅದು 8 ಡಾಲರ್‌ಗೆ ಆಯಿತು, ಕತ್ತರಿಸಿದವರಿಗೆ 5. ಪ್ರತಿ ಸಲ ಪೊರೆ ಬಿಟ್ಟಾಗ ಅದು ಕಾಲ್ಬೆರಳಲ್ಲಿ ಸಿಕ್ಕಿಕೊಂಡಿದೆಯೇ ಎಂದು ನೋಡಿ, ಬಿಗಿದರೆ ಬೆರಳೇ ಉದುರುತ್ತದೆ.

ಷಿಕಾಗೊ_ಚಳಿ: 13 ಡಾಲರ್‌ನ ಹಲಗೆಯಿಂದ ಮಿನಿಯಾಪೋಲಿಸ್‌ನ ಜನವರಿ ಕಳೆಯುವುದಾದರೆ ನಾವೆಲ್ಲ ಮೂರ್ಖರು ಎಂದಾಯಿತು.

ಹಳೇಹಲ್ಲಿ: ಆ ಮಾತನ್ನು ನಾನು ಆಡಿಲ್ಲ ಸರ್, ತಮ್ಮ ನೆಲಹಾಸು ಆಡಿದೆ.

ಮಿನಿಯಾಪೋಲಿಸ್‌ನಿಂದ: ಎಲ್ಲರಿಗೂ ಧನ್ಯವಾದ. ಮುಚ್ಚದೆ ಬಿಡುವ ಆ ಮೂರನೇ ಪಾಲು ದೀಪದ ಕಡೆಗಿರಬೇಕೋ, ಎದುರು ಬದಿಗೋ?